ಗುಲಾಬಿ ಗುಳಿಗೆ, ಕರಿ ನಾಲಿಗೆ

ಮೊನ್ನೆ ಸುಶೀಲಾ ನನ್ನ ಬಿಳಿ ಜುಬ್ಬಾ ಒಗೆಯಲು ಹಾಕುವ ಮುಂಚೆ ಎಂದಿನಂತೆ ಕಿಸೆ ತಡವಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಕಿಸೆಯಲ್ಲಿ ಬೆಲೆಬಾಳುವಂಥದ್ದು ಏನಾದರೂ ಸಿಕ್ಕೀತು ಎಂಬ ಆಸೆ ಅವಳಿಗೆ ಹೋಗಿಲ್ಲ. ಈ ಸಲ ಸಿಕ್ಕಿದ್ದು ಅರ್ಧ ಖಾಲಿಯಾದ ಗುಳಿಗೆಯ ಸ್ಟ್ರಿಪ್ಪು.

"ಇವು ಇನ್ನೂ ಅದಾವಲ್ರಿ. ಚೆಲ್ಲಿಬಿಡ್ಲೇನು?"

"ಬ್ಯಾಡ, ಕಪಾಟಿನ್ಯಾಗ ಇಡು," ಎಂದೆ.

ಗುಲಾಬಿ ಬಣ್ಣದ ದಪ್ಪ ಗುಳಿಗೆಗಳು. ನುಂಗುವುದಲ್ಲ, ಅಗಿದು ತಿನ್ನುವುದು. ಬಳಪಕ್ಕೆ ಯಾರೋ ಪೆಪ್ಪರ್ಮೆಂಟು ಸವರಿದಂಥ ರುಚಿ. ಬಳಪದ ರುಚಿ ಇವನಿಗೆ ಹೇಗೆ ಗೊತ್ತು ಎಂದು ನೀವು ಕೇಳಲಾರಿರಿ. ಪಾಟಿ ಹಿಡಿದು ಶಾಲೆಗೆ ಹೋದವರಿಗೆಲ್ಲ ಅದು ಗೊತ್ತಿರುವ ರುಚಿ.

ನನ್ನ ಹೊಟ್ಟೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ, ಆದರೆ ನೀವೇನು ಹೊರಗಿನವರಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಈ ಹೊಟ್ಟೆ ಕಲ್ಲು ಹಾಕಿದರೂ ಅರಗಿಸುತ್ತದೆ. ಗದಗ ದಾಟಿತೋ, ಅದಕ್ಕೆ ಪರದೇಶಕ್ಕೆ ಬಂದ ಭಾವನೆ. ಊರು ಬಿಟ್ಟರೆ ಉಳಿದವರಿಗೆ ಮನೆಯ ನೆನಪು ಕಾಡುತ್ತದೆ, ನನಗೆ ಹೊಟ್ಟೆ ಕಾಡುತ್ತದೆ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಾಸ್ತರರು ನಮ್ಮನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದರು. ಬೇರೆ ಹುಡುಗರು ಗುಡಿಯ ಕಂಬ, ಬಾವಿಯ ಮೆಟ್ಟಿಲು ನೋಡಿದರು. ನಾನು ಮಾತ್ರ ಊರ ಹೊರಗಿನ ಜಾಲಿ ಗಿಡಗಳನ್ನು ಬಹಳ ಹತ್ತಿರದಿಂದ, ಬಹಳ ಹೊತ್ತು ನೋಡಿದೆ. ಮರುದಿನ ಪ್ರವಾಸದ ಬಗ್ಗೆ ನಿಬಂಧ ಬರೆಯಲು ಹೇಳಿದಾಗ ಪಕ್ಕದವನ ಪಾಟಿ ನೋಡಿ ಬರೆಯಬೇಕಾಯಿತು.

ಆಮೇಲೆ ಅವ್ವ ಒಂದು ಉಪಾಯ ಮಾಡಿದಳು. ನಾನು ಎಲ್ಲಿಗೆ ಹೊರಟರೂ ಅಜವಾನ ಹುರಿದು, ಉಪ್ಪು ಬೆರೆಸಿ, ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕಿಸೆಗೆ ತುರುಕುತ್ತಿದ್ದಳು. ಹೊಟ್ಟೆ ಅದಕ್ಕೂ ಜಗ್ಗಲಿಲ್ಲ. ದೊಡ್ಡವನಾಗಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಔಷಧ ಅಂಗಡಿಯ ಮುಂದೆ ನಿಂತು, "ಪರ ಊರಿಗೆ ಹೊಂಟೀನಿ, ಮುಂಚಿತ ಒಂದೆರಡು ಜೋರ್ ಗುಳಿಗಿ ಕೊಡ್ರಿ," ಎನ್ನುವುದನ್ನು ಕಲಿತೆ. ಅಂಗಡಿಯವನು ಕೊಡುತ್ತಿದ್ದ, ನಾನು ನುಂಗುತ್ತಿದ್ದೆ. ಏನು ನುಂಗುತ್ತಿದ್ದೇನೆ ಎಂದು ಇಬ್ಬರೂ ವಿಚಾರ ಮಾಡುತ್ತಿರಲಿಲ್ಲ.

ಇಂಥ ಹೊಟ್ಟೆಯವನ ಹಣೆಬರಹದಲ್ಲಿ ಲಗ್ನಪತ್ರಿಕೆಯ ಉದ್ಯೋಗ ಬರೆದಿತ್ತು ನೋಡಿ. ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಸುತ್ತಲಿನ ಎಷ್ಟೋ ಊರುಗಳ ಮದುವೆಯ ಪತ್ರಿಕೆಗಳನ್ನು ಅಚ್ಚು ಹಾಕಿದವನು ನಾನು. ಎಲ್ಲದರ ಕೆಳಗೂ ಒಂದು ಸಾಲು ಇದ್ದೇ ಇರುತ್ತದೆ: ಈ ಪತ್ರಿಕೆಯನ್ನೇ ಖುದ್ದು ಬಂದು ಕರೆದಂತೆ ಭಾವಿಸಿ ಆಗಮಿಸಬೇಕು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಆ ಸಾಲನ್ನು ಬಿಚ್ಚದೆ ಹಾಗೇ ದಾರ ಕಟ್ಟಿ ಇಟ್ಟಿರುತ್ತಿದ್ದೆ. ಅದಿಲ್ಲದೆ ಯಾರ ಮದುವೆಯೂ ಆಗುತ್ತಿರಲಿಲ್ಲ.

ಆದರೆ ಅಚ್ಚು ಹಾಕುವುದು ಬೇರೆ, ಹಂಚುವುದು ಬೇರೆ. ನಮ್ಮ ಕಡೆ ಪತ್ರಿಕೆ ಕೊಡಲು ಹೋದವನು ಆ ಮನೆಯಲ್ಲಿ ಏನಾದರೂ ತಿಂದೇ ಏಳಬೇಕು. ಒಂದು ಮನೆಯಲ್ಲಿ ಗಿರ್ಮಿಟ್, ಇನ್ನೊಂದರಲ್ಲಿ ಹಸಿ ಉಳ್ಳಾಗಡ್ಡಿ ಹಾಕಿ ಹಚ್ಚಿದ ಅವಲಕ್ಕಿ, ಮತ್ತೊಂದರಲ್ಲಿ ಬರ್ಫದ ತುಂಡು ತೇಲುವ ಮಜ್ಜಿಗೆ. ಒಲ್ಲೆ ಎಂದರೆ, "ನಮ್ಮ ಮನ್ಯಾಗ ಯಾಕ ತಿನ್ನಂಗಿಲ್ಲ?" ಎಂಬ ಪ್ರಶ್ನೆ.

ದೊಡ್ಡ ಮಗಳ ಮದುವೆಯಲ್ಲಿ ಇದೇ ಆಯಿತು. ಪತ್ರಿಕೆ ಹಂಚುತ್ತ ಮುಂಡರಗಿಯಲ್ಲಿ ಮಜ್ಜಿಗೆ ಕುಡಿದೆ. ಶಿರಹಟ್ಟಿ ಮುಟ್ಟುವ ಹೊತ್ತಿಗೆ ನನ್ನ ಸ್ಥಿತಿ ಹೇಳುವಂತಿರಲಿಲ್ಲ. ಎಲ್ಲಿ ಜಾಲಿ ಗಿಡ ಕಂಡರೂ ಕಾರು ನಿಲ್ಲಿಸಬೇಕಾಯಿತು. ಲಕ್ಷ್ಮೇಶ್ವರದ ಆಚೆ ಅಡರಕಟ್ಟಿಯಲ್ಲಿ ನನ್ನ ಒಬ್ಬಳೇ ಅಕ್ಕ ಗಂಗಕ್ಕನ ಮನೆ. ಅಲ್ಲಿಗೆ ಹೋಗಲಾಗದೆ, ಆ ಊರಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಪತ್ರಿಕೆ ಕೊಟ್ಟು ಮನೆಗೆ ಬಂದು ಮಲಗಿದೆ. ಗಂಗಕ್ಕ ಮದುವೆಗೆ ಬರಲಿಲ್ಲ. ಸೋದರತ್ತೆ ಆರತಿ ಎತ್ತುವ ಜಾಗದಲ್ಲಿ ಬೇರೆ ಯಾರೋ ನಿಂತರು. ಹೊಟ್ಟೆ ಕೆಟ್ಟಿತ್ತು ಎಂದು ಫೋನಿನಲ್ಲಿ ಹೇಳಿದೆ. "ಹೌದೌದು, ನಮ್ಮೂರ ದಾರಿ ಹಿಡದಾಗ ಹೊಟ್ಟಿ ಕೆಡತಾವು," ಎಂದು ಇಟ್ಟುಬಿಟ್ಟಳು. ಅಲ್ಲಿಂದ ಮಾತು ನಿಂತಿತು. ನಿಂತ ಮಾತನ್ನು ಮತ್ತೆ ಹೊರಡಿಸುವುದು ನಿಂತ ಕಾರನ್ನು ತಳ್ಳಿದಷ್ಟು ಸುಲಭವಲ್ಲ. ದಿನ ಹೋದಂತೆ ಅದು ಇನ್ನಷ್ಟು ಭಾರವಾಗುತ್ತ ಹೋಯಿತು.

ಈಗ ಸಣ್ಣ ಮಗಳ ಮದುವೆ ನಿಶ್ಚಯವಾದಾಗ ಸುಶೀಲಾ ಒಂದೇ ಮಾತು ಹೇಳಿದಳು. "ಉಳದಾವ್ರ ಮನಿಗೆ ಹೋಗ್ರಿ ಬಿಡ್ರಿ. ಅಡರಕಟ್ಟಿಗೆ ಹೋಗಬೇಕು, ಅಲ್ಲಿ ಕುಂತು ಉಣಬೇಕು."

ಔಷಧ ಅಂಗಡಿಗೆ ಹೊರಟವನನ್ನು ತಡೆದು ನಮ್ಮ ಓಣಿಯಲ್ಲೇ ಬೆಳೆದು ಡಾಕ್ಟರಾದ ಹುಡುಗಿಯ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ನಾನು ಹಿಂದೆ ನುಂಗುತ್ತಿದ್ದ ಗುಳಿಗೆಗಳ ಹೆಸರು ಕೇಳಿ ಆ ಡಾಕ್ಟರು ಕಣ್ಣು ಅಗಲಿಸಿದಳು.

"ಏನ್ ಕಾಕಾ, ಜಡ್ಡ ಇಲ್ದ ಆ್ಯಂಟಿಬಯಾಟಿಕ್ ತಿಂತೀರೇನು? ಹಿಂಗ ತಿಂದು ತಿಂದು, ನಾಳೆ ಖರೇನ ಬೇಕಾದಾಗ ಅದು ಕೆಲಸಾನ ಮಾಡಂಗಿಲ್ಲ."

"ಮತ್ತ ಏನ್ ಮಾಡ್ಲಿವಾ? ಪತ್ರಿಕಿ ಹಂಚಾಕ ಹೋಗಬೇಕು."

ಅವಳು ಈ ಗುಲಾಬಿ ಗುಳಿಗೆ ಬರೆದುಕೊಟ್ಟಳು. "ಇದು ಆ್ಯಂಟಿಬಯಾಟಿಕ್ ಅಲ್ಲ. ಊಟದ ಜೋಡಿ ಅಗದು ತಿನ್ರಿ, ಮಲಗೋ ಮುಂದ ಒಮ್ಮೆ ತಿನ್ರಿ. ಪ್ರವಾಸ ಮುಗಿಯೋತನಾ ಅಷ್ಟ, ದಿನಾ ತಿನ್ನೂದಲ್ಲ. ಮತ್ತ ಇದೇನು ಗ್ಯಾರಂಟಿ ಅಲ್ಲ ಕಾಕಾ, ತ್ರಾಸು ಬರೂದನ್ನ ಕಡಿಮಿ ಮಾಡತೈತಿ. ನೀರು ಕಾಸಿದ್ದು, ಊಟ ಬಿಸೀದು. ಅದನ್ನ ಬಿಡಬ್ಯಾಡ್ರಿ."

ಆಮೇಲೆ ಪ್ರಶ್ನೆಗಳು. ಆಸ್ಪಿರಿನ್ ತಗೊಂಡರೆ ಮೈಗೆ ಏನಾದರೂ ಆಗುತ್ತದೆಯೇ, ಎದೆಗೆ ಗುಳಿಗೆ ಇದೆಯೇ, ರಕ್ತ ತೆಳುವಾಗಲು ಏನಾದರೂ ನುಂಗುತ್ತೇನೆಯೇ, ಕಿಡ್ನಿ ಸರಿ ಇದೆಯೇ. ಎಲ್ಲದಕ್ಕೂ ಇಲ್ಲ, ಇಲ್ಲ, ಸರಿ ಐತಿ ಎಂದೆ. ಒಂದು ಹೊಟ್ಟೆಯ ಗುಳಿಗೆಗೆ ಇಷ್ಟು ಪಂಚನಾಮೆಯೇ ಎನಿಸಿತು. "ಬ್ಯಾರೇದವ್ರಿಗೆ ಕೊಡೋಕಿಂತ ಮೊದಲ ಇಷ್ಟೂ ಕೇಳ್ರಿ. ಎದಿ ಗುಳಿಗಿ ತಗೊಳ್ಳೋರಿಗೆ ಕೊಡಲೇಬ್ಯಾಡ್ರಿ," ಎಂದಳು. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಮತ್ತೇನೋ ಹೇಳಿದಳು. ಹೂಂ ಎಂದು ಬಂದುಬಿಟ್ಟೆ.

ಬಾಡಿಗೆ ಕಾರು ಮಾಡಿಕೊಂಡು ಮೊದಲ ದಿನ ಲಕ್ಕುಂಡಿ, ಕಳಸಾಪುರ ಮುಗಿಸಿ ಮುಂಡರಗಿಗೆ ಬಂದು ಸುಶೀಲಾಳ ತಮ್ಮನ ಮನೆಯಲ್ಲಿ ಉಳಿದೆವು. ಪ್ರತಿ ತಟ್ಟೆಯ ಜೊತೆಗೆ ನಾನು ಮೆಲ್ಲಗೆ ಬಳಪ ಅಗಿದೆ. ಬಿಸಿ ಚಹಾ ಕುಡಿದೆ, ನೀರಿನ ತಂಬಿಗೆಗೆ ತುಟಿ ಮಾತ್ರ ತಾಗಿಸಿದೆ. ಹೊಟ್ಟೆ ಸುಮ್ಮನಿತ್ತು. ಅದು ಹೀಗೆ ಸುಮ್ಮನಿರುವುದು ಅಭ್ಯಾಸವಿಲ್ಲದ್ದರಿಂದ ನನಗೇ ಸ್ವಲ್ಪ ಗಾಬರಿಯಾಯಿತು.

ಖರೆ ಗಾಬರಿ ಆದದ್ದು ಮರುದಿನ ಬೆಳಿಗ್ಗೆ. ಹಲ್ಲುಜ್ಜಿ ಕನ್ನಡಿಯಲ್ಲಿ ಬಾಯಿ ತೆರೆದರೆ ನಾಲಿಗೆ ಕಪ್ಪಗೆ, ನಮ್ಮ ಮುದ್ರಣಾಲಯದ ಮಸಿಯ ರೋಲರಿನ ಹಾಗೆ. ಉಜ್ಜಿದೆ, ಹೋಗಲಿಲ್ಲ. ಸುಶೀಲಾ ನೋಡಿ ಫೋನು ತಂದು ನನ್ನ ಕೈಗಿಟ್ಟಳು. ನಾನು ಡಾಕ್ಟರಿಗೆ ಫೋನು ಮಾಡಿದೆ.

ಆ ಕಡೆಯಿಂದ ನಗು ಕೇಳಿಸಿತು. "ಕಾಕಾ, ನೀವು ಚಪ್ಪಲಿ ಹಾಕ್ಕೊಳ್ಳೋ ಮುಂದ ಅದನ್ನ ಹೇಳಿದ್ನಲ್ಲಾ. ಈ ಗುಳಿಗಿ ತಿಂದ್ರ ನಾಲಗಿ ಕರ್ರಗಾಗತೈತಿ. ಹೊರಕಡಿಗೆ ಹೋದ್ರೂ ಕರ್ರಗ ಆಗತೈತಿ, ಅದಕ್ಕೂ ಹೆದರಬ್ಯಾಡ್ರಿ. ಗುಳಿಗಿ ಬಿಟ್ಟಮ್ಯಾಗ ತಾನ ಹೋಗತೈತಿ."

ಶಿರಹಟ್ಟಿಯ ಮನೆಗಳಲ್ಲೆಲ್ಲ ನಾನು ತುಟಿ ಬಿಚ್ಚದೆ ಮುಗುಳ್ನಕ್ಕು ಪತ್ರಿಕೆ ಕೊಟ್ಟೆ. ಹೆಣ್ಣಿನ ತಂದೆ ಎಷ್ಟು ಗಂಭೀರ ಮನುಷ್ಯ ಎಂದು ಅವರೆಲ್ಲ ಮೆಚ್ಚಿರಬೇಕು.

ಅಡರಕಟ್ಟಿ ಮುಟ್ಟಿದಾಗ ಊಟದ ಹೊತ್ತು. ಗಂಗಕ್ಕ ಬಾಗಿಲಿಗೆ ಬಂದಳು. ತಲೆ ಬಹಳ ಬೆಳ್ಳಗಾಗಿತ್ತು, ಮೈ ಇಳಿದಿತ್ತು.

"ಬರ್ರಿ, ಕುಂಡ್ರಿ," ಎಂದಳು.

ಹುಟ್ಟಿದಾಗಿನಿಂದ ನನ್ನನ್ನು ಶಿವ್ಯಾ ಎಂದು ಕರೆದವಳು, ಲೇ ಎನ್ನದೆ ನನ್ನ ಜೊತೆ ಒಂದು ವಾಕ್ಯ ಆಡದವಳು, ಬರ್ರಿ ಎಂದಳು. ಆ ಒಂದು 'ರಿ' ಕೇಳಿ ನನ್ನ ಕಾಲು ಹೊಸ್ತಿಲಲ್ಲೇ ತಡೆಯಿತು. ಸುಶೀಲಾ ಹಿಂದಿನಿಂದ ಮೆಲ್ಲಗೆ ನೂಕಿದಳು.

ಅಕ್ಕ ತಂಬಿಗೆಯಲ್ಲಿ ನೀರು ತಂದಿಟ್ಟಳು. ಸುಶೀಲಾ ಚೀಲದಲ್ಲಿದ್ದ ಕಾಸಿದ ನೀರಿನ ಬಾಟಲಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು. ಅಕ್ಕನೂ ನೋಡುತ್ತಿದ್ದಳು. ನಾನು ತಂಬಿಗೆ ಎತ್ತಿ ಗಟಗಟ ಕುಡಿದೆ. ಬುದ್ಧಿವಂತನ ಕೆಲಸವಲ್ಲ, ಗೊತ್ತು. ಆದರೆ ಅಲ್ಲಿ ಬಾಟಲಿ ತೆಗೆಯುವ ಧೈರ್ಯ ನನಗಿರಲಿಲ್ಲ.

ಅಕ್ಕನ ಸೊಸೆ ಒಲೆಯ ಮುಂದೆ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ತಾಟಿಗೆ ಪುಂಡಿಪಲ್ಯ, ಶೇಂಗಾ ಚಟ್ನಿ ನೀಡಿದಳು. ಅವಳು ರೊಟ್ಟಿ ತರಲು ಒಳಗೆ ಹೋದಾಗ ಜುಬ್ಬಾದ ಕಿಸೆಯಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡೆ. ಆದರೆ ಇದು ಅಗಿಯುವ ಗುಳಿಗೆ ನೋಡಿ, ಕಟಂ ಎಂದಿತು. ಅಕ್ಕ ರೊಟ್ಟಿ ಹಿಡಿದುಕೊಂಡು ಅಲ್ಲೇ ನಿಂತಳು.

"ಏನದು?"

"ಏನಿಲ್ಲಕ್ಕಾ, ಗುಳಿಗಿ."

"ನಮ್ಮ ಮನ್ಯಾಗ ಉಣಬೇಕಂದ್ರ ಮೊದಲ ಔಷಧ ತಗೋಬೇಕೇನ್ರಿ? ಅಷ್ಟು ವಿಷ ಹಾಕತೀವೇನ್ರಿ ನಾವು?"

ಒಲೆಯ ಮುಂದಿನ ಬಡಿತ ನಿಂತಿತು. ಸುಶೀಲಾ ಏನೋ ಹೇಳಲು ಹೋದಳು, ಅಕ್ಕ ಅವಳ ಕಡೆ ನೋಡಲೇ ಇಲ್ಲ. ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿತು. ಆ ಹಳೆಯ ದಿನದ ಕಥೆಯನ್ನು, ಮುಂಡರಗಿಯ ಮಜ್ಜಿಗೆ, ಶಿರಹಟ್ಟಿಯ ದಾರಿ, ಜಾಲಿ ಗಿಡ, ಒದ್ದೆ ಧೋತರ, ಒಂದೂ ಬಿಡದೆ ಹೇಳಿದೆ. ಫೋನಿನಲ್ಲಿ ಇಷ್ಟು ವಿವರ ಕೊಟ್ಟಿರಲಿಲ್ಲ, ನಾಚಿಕೆಯಾಗಿತ್ತು.

"ಹಂಗ ಮತ್ತ ಆಗಬಾರ್ದು, ಈ ಸಲ ಖುದ್ದ ಬಂದು ನಿನ್ನ ಮುಂದ ಕುಂತು ಉಣಬೇಕಂತ ಲಕ್ಕುಂಡೀಲಿಂದ ಇದನ್ನ ತಿಂದಕೋತ ಬಂದೀನಿ ಅಕ್ಕಾ. ನಿನ್ನ ರೊಟ್ಟೀಗೆ ಹೆದರಿ ಅಲ್ಲ. ನಿನ್ನ ಮನೀತನಾ ಮುಟ್ಟಬೇಕಂತ."

ಅಕ್ಕ ರೊಟ್ಟಿ ಹಿಡಿದುಕೊಂಡೇ ನನ್ನ ಎದುರಿಗೆ ಬಂದಳು. "ಅವತ್ತ ಬಂದ ಪತ್ರಿಕ್ಯಾಗ ಕೆಳಗ ಬರದಿತ್ತು, ಖುದ್ದು ಬಂದು ಕರದಂಗ ತಿಳೀರಿ ಅಂತ," ಎಂದಳು. "ಎಷ್ಟ್ ಸಲ ಓದಿದೆ. ನನಗ ಹಂಗ ತಿಳ್ಯಾಕ ಆಗಲಿಲ್ಲ."

ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಯೊಳಗೆ ಅವಳ ದೃಷ್ಟಿ ಹೋಯಿತು. ಅವಳು ಬಗ್ಗಿದಳು.

"ತಡಿ. ನಾಲಗಿ ತಗಿ."

ಮುದ್ರಣಾಲಯದ ಮಾಲಿಕ, ಇಬ್ಬರು ಮಕ್ಕಳ ತಂದೆ, ನಾಲಿಗೆ ಹೊರಗೆ ಚಾಚಿದೆ.

"ಅಯ್ಯ ಶಿವನ! ಲೇ ಶಿವ್ಯಾ, ಏನ್ ಮಾಡ್ಕೊಂಡೀಲೇ ಇದನ್ನ? ನೇರಲಹಣ್ಣು ತಿಂದಾವ್ರಂಗ!"

ಗುಳಿಗೆಯ ಬಣ್ಣ, ಹೋಗತೈತಿ ಎಂದು ಸುಶೀಲಾ ವಿವರಿಸುವಷ್ಟರಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದ್ದಳು. ನಾವಿಬ್ಬರೂ ಸಣ್ಣವರಿದ್ದಾಗ ನೆರೆಯವರ ಹಿತ್ತಲಿನ ನೇರಲ ಗಿಡ ಹತ್ತಿ, ಮನೆಗೆ ಬಂದು ಏನೂ ತಿಂದಿಲ್ಲವೆಂದು ಆಣೆ ಮಾಡಿದ್ದು, ಅವ್ವ ಸಾಲಾಗಿ ನಿಲ್ಲಿಸಿ ನಾಲಿಗೆ ತೆಗೆಸಿದ್ದು, ಅದನ್ನು ಸೊಸೆಗೆ ಹೇಳಿದಳು. ಹೇಳುತ್ತ ಹೇಳುತ್ತ ಕೈಯಲ್ಲಿದ್ದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ಎರಡನೆಯದು ಹಾಕಿದಳು. ಮೂರನೆಯದಕ್ಕೆ ಬೆಣ್ಣೆ ಸವರಿದಳು.

ನಾನು ಉಣ್ಣುತ್ತಿದ್ದಾಗ ಎದುರಿಗೆ ಕುಳಿತು ಕೇಳಿದಳು. "ಅವು ಗುಳಿಗಿ ನನಗೂ ಎರಡು ಕೊಡು. ಲಗ್ನದ ಮನಿ ನೀರು ನಂಗ ಆಗಿ ಬರಂಗಿಲ್ಲ. ಬಂದ್ರ ಬೇಕಾಗತಾವು."

ಬಂದರೆ ಎಂದಳು! ಸುಶೀಲಾಳ ಮುಖ ಅರಳಿತು. ಅವಳು ನನ್ನ ಕಿಸೆಗೇ ಕೈ ಹಾಕಿ ಸ್ಟ್ರಿಪ್ಪು ತೆಗೆದು ಅಕ್ಕನ ಅಂಗೈಯಲ್ಲಿಟ್ಟಳು. ಆಗ ಡಾಕ್ಟರ ಪಂಚನಾಮೆ ನೆನಪಾಯಿತು. ಕೇಳಬೇಕಲ್ಲ ಎಂದು ತುತ್ತು ಅಗಿಯುತ್ತಲೇ ಕೇಳಿದೆ.

"ಅಕ್ಕಾ, ನಿಂಗ ಎದಿಗೆ, ರಕ್ತಕ್ಕ ಏನರ ಗುಳಿಗಿ ಅದಾವೇನು?"

"ಅದಾವಲ್ಲ. ಎರಡೂ ಅದಾವು," ಎಂದಳು, ಹಸು ಎಮ್ಮೆಗಳ ಲೆಕ್ಕ ಹೇಳುವವಳ ಹಾಗೆ. "ಹೋದ ವರ್ಷ ಎದಿ ಹಿಡಕೊಂಡಿತ್ತು. ಹುಬ್ಬಳ್ಳಿಯಾಗ ದವಾಖಾನ್ಯಾಗ ಇಟ್ಟಿದ್ರು. ಅಲ್ಲಿಂದ ದಿನಾ ತಗೊಳ್ಳೂದೈತಿ."

ಹೋದ ವರ್ಷ ನಾನು ಕೆಲಸಕ್ಕೆಂದು ಹುಬ್ಬಳ್ಳಿಗೆ ಎಷ್ಟೋ ಸಲ ಹೋಗಿದ್ದೆ. ಕಾಗದ ಕೊಂಡಿದ್ದೆ, ಮಸಿ ಕೊಂಡಿದ್ದೆ, ಹೊಟ್ಟೆಗೆ ಹೆದರಿ ಏನೂ ತಿನ್ನದೆ ಮುಂದಿನ ಬಸ್ಸಿಗೆ ತಿರುಗಿ ಬಂದಿದ್ದೆ.

"ಒಂದು ಖಬರ ಕೊಡಲಿಲ್ಲಲ್ಲಕ್ಕಾ."

"ನನ್ನ ಮಗ ಮಾಡ್ತೀನಂದ. ನಾನ ಬ್ಯಾಡಂದೆ. ಮಾತಿರಲಿಲ್ಲಲ್ಲ."

ನಾನು ಅವಳ ಅಂಗೈಯಿಂದ ಸ್ಟ್ರಿಪ್ಪು ತೆಗೆದುಕೊಂಡು ಕಿಸೆಗೆ ಹಾಕಿದೆ. "ಇವು ನಿನಗ ಆಗಂಗಿಲ್ಲ. ಎದಿ ಗುಳಿಗಿ ತಗೊಳ್ಳೋರಿಗೆ ಕೊಡಬಾರ್ದಂತ," ಎಂದೆ. ಅವಳು ನನ್ನ ತಾಟು ನೋಡಿದಳು.

"ಉಣ್ಣು ಮೊದಲ, ಆರತೈತಿ. ನಾ ಸತ್ತಿಲ್ಲಲ್ಲ, ನಿನ್ನ ಮುಂದ ಕುಂತೀನಿ."

ಊಟವಾದ ಮೇಲೆ ಸುಶೀಲಾ ಅರಿಸಿನ ಕುಂಕುಮ ಹಚ್ಚಿ ಸೀರೆ ಕೊಟ್ಟಳು. ನಾನು ಪತ್ರಿಕೆ ಮುಂದೆ ಹಿಡಿದೆ. ಅಕ್ಕ ಕೈ ಚಾಚಲಿಲ್ಲ.

"ಅದನ್ನ ಆಮ್ಯಾಲೆ ಓದತೀನಿ. ಬಾಯಿಲೆ ಕರಿ."

"ಅಕ್ಕಾ, ಮಗಳ ಲಗ್ನ ಐತಿ. ನೀ ಬರಬೇಕು. ನಿನ್ನ ಬಿಟ್ಟು ಆಗಂಗಿಲ್ಲ."

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತುಟಿಯ ಮೂಲೆಯಲ್ಲಿ ನಗು ಇಣುಕಿತು. "ಕರಿನಾಲಗಿಯಾವ್ರು ಅಂದದ್ದು ಸುಳ್ಳಾಗಂಗಿಲ್ಲಂತ ನಮ್ಮ ಕಡೆ," ಎಂದು ಸೊಸೆಯ ಕಡೆ ತಿರುಗಿದಳು. "ಇನ್ನ ಹೋಗದ ಗತಿ ಇಲ್ಲ. ನನ್ನ ಚೀಲಾ ತಾ. ಎದಿ ಗುಳಿಗಿ ಡಬ್ಬಿ ಮರೀಬ್ಯಾಡ."

"ಇವತ್ತ?" ಎಂದೆ ನಾನು. ಮದುವೆಗೆ ಇನ್ನೂ ದಿನಗಳಿದ್ದವು.

"ಮತ್ತ? ಲಗ್ನದ ಮನ್ಯಾಗ ನೀರು ಕಾಸಾಕ ಒಬ್ರು ಬೇಕಲ್ಲ. ನೀವು ಗಂಡಾ ಹೆಂಡತಿ ಪತ್ರಿಕಿ ಹಂಚಕೋತ ತಿರಗತೀರಿ."

ಕಾರಿನಲ್ಲಿ ಡ್ರೈವರನ ಪಕ್ಕದ ಸೀಟು ಅವಳದಾಯಿತು. ಹೊಟ್ಟೆ ಏನಾದರೂ ಹೇಳುತ್ತದೆಯೇ ಎಂದು ದಾರಿಯುದ್ದಕ್ಕೂ ನಾನು ಹಿಂದೆ ಕುಳಿತು ಕಿವಿಗೊಟ್ಟೆ. ಅದು ಮಾತಾಡಲಿಲ್ಲ. ಗುಳಿಗೆಯ ಗುಣವೋ, ಒಲೆಯಿಂದ ನೇರ ತಾಟಿಗೆ ಬಂದ ರೊಟ್ಟಿಯ ಗುಣವೋ, ಆ ತಂಬಿಗೆಯ ನೀರೇ ಚೆನ್ನಾಗಿತ್ತೋ, ನನಗೆ ತಿಳಿಯದು. ಡಾಕ್ಟರನ್ನು ಕೇಳಿದರೆ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಪಾಲು ಕೊಟ್ಟಾಳು. ತಂಬಿಗೆಯ ನೀರಿಗೆ ಮಾತ್ರ ಬೈದಾಳು.

ಲಕ್ಷ್ಮೇಶ್ವರದಲ್ಲಿ ಒಂದು ಮನೆ ಉಳಿದಿತ್ತು. ನನ್ನ ಹಳೆಯ ಗೆಳೆಯ ಖಾದರಸಾಬರದು, ಬಳೆ ವ್ಯಾಪಾರಿ. ಅವರ ಮಕ್ಕಳ ಮದುವೆಯ ಪತ್ರಿಕೆಗಳೂ ನಮ್ಮಲ್ಲೇ ಅಚ್ಚಾದವು. ಅವರ ಹೆಂಡತಿ ಮಾಬೂಬಿ, "ಬರ್ರಿ ಅಣ್ಣಾರ, ಕುಂಡ್ರಿ," ಎನ್ನುತ್ತಲೇ ಒಳಗೆ ಹೋಗಿ ಹಚ್ಚಿದ ಅವಲಕ್ಕಿಯ ತಟ್ಟೆಗಳನ್ನು ತಂದಿಟ್ಟಳು. ಮೇಲೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ನೀರು ಇನ್ನೂ ಆರದ ಕೊತ್ತಂಬರಿ. ಎಂದಿನ ಹೆದರಿಕೆ ಎದ್ದಿತು. ಗುಳಿಗೆಗೆಂದು ಕಿಸೆಗೆ ಕೈ ಹಾಕಿದೆ.

ಅಷ್ಟರಲ್ಲಿ ಅಕ್ಕ ನನ್ನ ಮುಂದಿನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ಇವಗ ಕೊಡಬ್ಯಾಡ್ರಿ ಬೀಬಿ. ಇವನ ಹೊಟ್ಟಿ ಸಣ್ಣಾವಿದ್ದಾಗಿಂದ ನಾಜೂಕ. ಒಂದು ಬಿಸಿ ಚಹಾ ಕೊಡ್ರಿ ಸಾಕು. ಇವನ ಪಾಲಿಂದೂ ನಾನ ತಿಂತೀನಿ."

"ಹೌದೇನ್ರಿ? ಮೊದಲ ಹೇಳಬಾರ್ದ ಅಣ್ಣಾರ, ಇಷ್ಟು ವರ್ಷ ತಿನಿಸೇವಿ," ಎಂದು ಮಾಬೂಬಿ ಚಹಾ ಇಡಲು ಎದ್ದಳು. ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಇಷ್ಟು ಸರಳ ಮಾತು ನನ್ನ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ.

ನಾನು ಬರಿಗೈಯಲ್ಲಿ ಕುಳಿತದ್ದು ಅಕ್ಕನಿಗೆ ಸರಿಬರಲಿಲ್ಲವೇನೋ. ತಟ್ಟೆಯಲ್ಲಿ ಬೆರಳಾಡಿಸಿ, ಅವಲಕ್ಕಿಯ ನಡುವಿನ ಶೇಂಗಾ ಕಾಳುಗಳನ್ನು ಒಂದೊಂದಾಗಿ ಆರಿಸಿ, ನನ್ನ ಕೈ ಎಳೆದು ಅಂಗೈ ಬಿಡಿಸಿ ಅದರಲ್ಲಿ ಹಾಕಿದಳು.

"ಇವು ಹುರದಾವು ಅದಾವು," ಎಂದಳು. "ತಿನ್ನು."